ನಾನು ಮೊದಲು ತಲುಪಿದ ಕೆರೆ

ಮನುಷ್ಯರಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಲೇಬೇಕು, ಇಲ್ಲದಿದ್ದರೆ ಬೆಳಗ್ಗೆ ಎದ್ದು ಹಾಲು ಕಾಯಿಸುವುದಕ್ಕೂ ಮನಸ್ಸು ಬರುವುದಿಲ್ಲ ಎಂದು ನಂಬಿರುವವಳು ನಾನು. ನಮ್ಮ ಬಸವೇಶ್ವರನಗರದ ಬೀದಿಯನ್ನೇ ತಗೊಳ್ಳಿ. ಎದುರುಮನೆ ಆಂಟಿಗೆ ತಮ್ಮ ಹುಳಿಪುಡಿಯ ಜಂಬ. ನಮ್ಮನೆಯವರಿಗೆ ಹದಿನೈದು ವರ್ಷದಿಂದ ಒಂದೇ ಒದೆತಕ್ಕೆ ಸ್ಟಾರ್ಟ್ ಆಗುವ ತಮ್ಮ ಸ್ಕೂಟರಿನ ಜಂಬ. ನಮ್ಮ ಅತ್ತೆಗೆ ತಮ್ಮ ಮಂಡಿಗಳ ಜಂಬ. ಎಪ್ಪತ್ತೆರಡು ದಾಟಿದರೂ ನೆಲದ ಮೇಲೆ ಕೂತು ಕೈಯೂರದೆ ಏಳುತ್ತಾರೆ, ಎದ್ದಮೇಲೆ ಯಾರಾದರೂ ನೋಡಿದರೋ ಇಲ್ಲವೋ ಎಂದು ಒಂದು ಸಲ ಸುತ್ತ ಕಣ್ಣು ಹಾಯಿಸುತ್ತಾರೆ. ಇನ್ನು ನನ್ನದು ಕೆರೆಗಳ ಜಂಬ. ಸುಂಕದಕಟ್ಟೆಯಿಂದ ಆಚೆಗೆ ಮಾಗಡಿ ರಸ್ತೆಯ ಎಡಕ್ಕೂ ಬಲಕ್ಕೂ, ಅತ್ತ ಕೆಂಗೇರಿ, ರಾಮೋಹಳ್ಳಿಯ ಕಡೆಗೂ ಇರುವ ಕೆರೆಗಳಲ್ಲಿ ಯಾವುದಕ್ಕೆ ಯಾವ ಕಡೆಯಿಂದ ಸೈಕಲ್ ಹೋಗುತ್ತದೆ, ಯಾವ ಏರಿಯ ಮೇಲೆ ಟಾರು ಇದೆ, ಯಾವುದರ ಮೇಲೆ ಎಮ್ಮೆ ಮಾತ್ರ ಇದೆ, ಎಲ್ಲಿ ಆರೂವರೆಗೇ ಬಿಸಿ ಇಡ್ಲಿ ಸಿಗುತ್ತದೆ ಎನ್ನುವುದನ್ನು ನನ್ನಷ್ಟು ಬಲ್ಲವರು ಈ ದಿಕ್ಕಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇಜಾರಿನ ವಿಷಯ, ಆದರೂ ಹೇಳುತ್ತಿದ್ದೇನೆ.

ಸೈಕಲ್ ಶುರುವಾಗಿದ್ದು ಡಾಕ್ಟರಿಂದ. ನಲವತ್ತಮೂರು ದಾಟಿತ್ತು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾ ದಿನಕ್ಕೆ ಆರು ಪೀರಿಯಡ್ ನಿಂತೇ ಇರುತ್ತಿದ್ದೆ, ಆದರೂ ಸಕ್ಕರೆ ಏರಿತ್ತು. "ವಾಕಿಂಗ್ ಮಾಡಿ, ಇಲ್ಲಾಂದ್ರೆ ಸೈಕಲ್ ತುಳೀರಿ" ಎಂದರು. ವಾಕಿಂಗಿಗೆ ಹೋದರೆ ಪಾರ್ಕಿನಲ್ಲಿ ಮಕ್ಕಳ ತಾಯಂದಿರು ಸಿಕ್ಕಿ ಮಾರ್ಕ್ಸ್ ಕೇಳುತ್ತಾರೆ. ಸೈಕಲ್ಲನ್ನೇ ತಗೊಂಡೆ, ಗೇರಿನದ್ದು. ಅತ್ತೆ ಅದನ್ನು ನೋಡಿ, "ಈ ವಯಸ್ಸಲ್ಲಿ ಇದೇನೇ ಗೀತಾ, ಪೇಪರ್ ಹಾಕೋಕೆ ಹೋಗ್ತೀಯಾ?" ಎಂದರು. ಆಮೇಲೆ ಸುಮಾರು ಒಂದು ವರ್ಷ ಆ ಸೈಕಲ್ ಮನೆಯಲ್ಲಿ ಇದೆ ಎನ್ನುವುದನ್ನೇ ಒಪ್ಪಿಕೊಳ್ಳದೆ ಅದಕ್ಕೆ ಸುತ್ತು ಹಾಕಿಕೊಂಡು ಓಡಾಡಿದರು.

ನಾನು ಮಾತ್ರ ಭಾನುವಾರ ಬಂತೆಂದರೆ ಚೂಡಿದಾರದ ಕಾಲಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದೆ. ಬಂದಮೇಲೆ ಹಳೇ ಪ್ರಶ್ನೆಪತ್ರಿಕೆಗಳ ಹಿಂದುಗಡೆ ದಾರಿ ಬರೆದಿಡುತ್ತಿದ್ದೆ. ನನ್ನ ದಾರಿಗಳಿಗೆ ನಿಯಮವಿತ್ತು. ಒಂದು ದಾರಿಯಲ್ಲಿ ಕನಿಷ್ಠ ಮೂರು ಕೆರೆ ಸಿಗಬೇಕು, ಒಂದು ಹೋಟೆಲ್ ಇರಬೇಕು, ಹೋದ ರಸ್ತೆಯಲ್ಲೇ ವಾಪಸ್ ಬರಕೂಡದು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ತಾವರೆಕೆರೆ ದಾಟಿದ ಮೇಲೆ ಎಡಕ್ಕೆ ಹೊರಳುವ ದಾರಿ. ರಾಗಿ ಹೊಲಗಳ ಮಧ್ಯೆ ಹೋಗಿ, ಒಂದು ದಿಬ್ಬ ಹತ್ತಿ, ಆ ಕಡೆ ಸರ್ರನೆ ಇಳಿದರೆ ಕೆಳಗೊಂದು ಕೆರೆ. ಆ ಕೆರೆಯ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನಾಳೆ ಬೆಳಗ್ಗೆ ಅಲ್ಲಿ ಯಾರಾದರೂ ಕಲ್ಲು ನೆಟ್ಟು ಲೇಔಟ್ ಮಾಡಿಬಿಡುತ್ತಾರೆ.

ಆಗ ವಿಜಯನಗರದಲ್ಲಿ ಮೆಟ್ರೊ ಕಂಬಗಳಿಗೆ ಗುಂಡಿ ತೋಡುತ್ತಿದ್ದ ಕಾಲ. ಊರೊಳಗೆ ಸೈಕಲ್ ತುಳಿಯಲು ಜಾಗವಿಲ್ಲದೆ ಒಂದಷ್ಟು ಹುಡುಗರು ಗುಂಪು ಕಟ್ಟಿಕೊಂಡು ನಮ್ಮ ಮಾಗಡಿ ರಸ್ತೆಗೆ ಬರತೊಡಗಿದರು. ಒಂಬತ್ತು ಜನ, ಅವರಿಗೆ ನವೀನ ಅಂತ ಒಬ್ಬ ಮುಖಂಡ. ಒಂದು ದಿನ ಸುಂಕದಕಟ್ಟೆಯ ಟೀ ಅಂಗಡಿಯ ಮುಂದೆ ನನ್ನ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ನೋಡಿದ. "ಆಂಟಿ, ಸೂಪರ್ ರೂಟು ಆಂಟಿ! ಇದೆಲ್ಲ ನೀವೇ ಹುಡ್ಕಿದ್ರಾ?" ಎಂದ. ಅವತ್ತೇ ಜೆರಾಕ್ಸ್ ಮಾಡಿಸಿಕೊಂಡ. ಅವತ್ತಿನಿಂದ ನಾನೂ ಗುಂಪಿನವಳಾದೆ ಎಂದುಕೊಂಡೆ. ಆದದ್ದೇ ಬೇರೆ. ಹೊರಡುವಾಗ ನವೀನ ಬಹಳ ಮರ್ಯಾದೆಯಿಂದ, "ನೀವು ಆರಾಮಾಗಿ ಹಿಂದೆ ಬನ್ನಿ ಆಂಟಿ, ಅರ್ಜೆಂಟಿಲ್ಲ" ಎನ್ನುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಒಂಬತ್ತು ಜನವೂ ಕಣ್ಮರೆ. ನಾನು ಏದುಸಿರು ಬಿಡುತ್ತಾ ಕೆರೆ ಮುಟ್ಟುವಾಗ ಅವರು ಹೊರಟು ನಿಂತಿರುತ್ತಿದ್ದರು. ಇಡ್ಲಿ ಖಾಲಿ. ಹೋಗಲಿ, ಇಡ್ಲಿ ಮನೆಯಲ್ಲೂ ಮಾಡಿಕೊಳ್ಳಬಹುದು. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಫೋಟೊಗೆ. ಕ್ಯಾಮೆರಾ ಇರುವ ಮೊಬೈಲು ಆಗ ಹೊಸದು. ಪ್ರತಿ ಕೆರೆಯ ಏರಿಯ ಮೇಲೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ನಾನು ಹುಡುಕಿದ ಕೆರೆ, ನಾನು ಬರೆದ ದಾರಿ, ಒಂದೇ ಒಂದು ಫೋಟೊದಲ್ಲೂ ನಾನಿಲ್ಲ. ಒಂದು ಸಲ, ಒಂದೇ ಒಂದು ಸಲ, ಅವರಿಗಿಂತ ಮೊದಲು ಹೋಗಿ ಏರಿಯ ಮೇಲೆ ಕೂತಿರಬೇಕು ಎಂಬ ಹಟ ಹುಟ್ಟಿತು. ರಾತ್ರಿ ಅಡುಗೆಮನೆ ಒರೆಸುವಾಗಲೂ ಅದೇ ಯೋಚನೆ. ನಮ್ಮನೆಯವರಿಗೆ ಹೇಳಿದರೆ, "ನನ್ನ ಸ್ಕೂಟರಲ್ಲಿ ಬಿಟ್ಟು ಬರ್ಲಾ?" ಎಂದರು. ಇಂಥವರ ಹತ್ತಿರ ಏನು ಮಾತಾಡುವುದು!

ಹೀಗಿರುವಾಗ ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಹೊಲಿಗೆ ಮೆಷೀನು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಾಯಿತು. ನನಗೆ ಸ್ಕೂಲಿನ ಪೂಜೆಗೆ ಹೋಗುವ ಗಡಿಬಿಡಿ. ಸಂಜೆ ವಾಪಸ್ ಬಂದು ನೋಡುತ್ತೇನೆ, ನನ್ನ ಸೈಕಲ್ಲು ಮದುವಣಗಿತ್ತಿಯ ಹಾಗೆ ನಿಂತಿದೆ! ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಸೀಟಿಗೆ ವಿಭೂತಿ, ಚಕ್ರಗಳು ಫಳಫಳ ಹೊಳೆಯುತ್ತಿವೆ. ಪಕ್ಕದಲ್ಲಿ ಅತ್ತೆ, ಕೈಯೂರದೆ ಎದ್ದು ನಿಂತು, ಸುತ್ತ ನೋಡಿದರು. "ಪಾಪ, ಅದೂ ನಿನ್ನ ಹೊತ್ಕೊಂಡು ತಿರುಗುತ್ತಲ್ಲೇ" ಎಂದರು. ಸೈಕಲ್ಲನ್ನು ಅವರು ಬಾಯಿಬಿಟ್ಟು ಪ್ರಸ್ತಾಪಿಸಿದ್ದು ಒಂದು ವರ್ಷದಲ್ಲಿ ಅದೇ ಮೊದಲು. ಹಾರಸಮೇತ ಸೈಕಲ್ಲನ್ನು ಒಳಗಿಟ್ಟೆ.

ಮುಂದಿನ ಭಾನುವಾರ ಆ ಹೆಸರು ಹೇಳದ ಕೆರೆಗೆ ಹೋಗುವುದೆಂದಾಯಿತು. ಸುಂಕದಕಟ್ಟೆಯವರೆಗೂ, ಅಲ್ಲಿಂದ ತಾವರೆಕೆರೆಯವರೆಗೂ ನನಗೆ ಏನೂ ಗೊತ್ತಾಗಲಿಲ್ಲ. ಬೆಳಗಿನ ಖಾಲಿ ರಸ್ತೆ. ಅಲ್ಲದೆ ನನ್ನ ವೇಗಕ್ಕೆ ಬ್ರೇಕು ಹಿಡಿಯುವ ಪ್ರಸಂಗವೇ ಬರುವುದಿಲ್ಲ, ತುಳಿಯುವುದನ್ನು ನಿಲ್ಲಿಸಿದರೆ ಸಾಕು, ಸೈಕಲ್ ಸಂತೋಷವಾಗಿ ನಿಂತುಬಿಡುತ್ತದೆ. ದಿಬ್ಬದ ನೆತ್ತಿಗೆ ಬಂದಾಗ ಒಂಬತ್ತು ಜನವೂ ಆಗಲೇ ಅರ್ಧ ಇಳಿಜಾರು ಇಳಿದಿದ್ದರು. ರಸ್ತೆಯಲ್ಲಿ ಜಲ್ಲಿ ಎದ್ದಿದ್ದರಿಂದ ಹುಷಾರಾಗಿ ಬ್ರೇಕು ಹಿಡಿದುಕೊಂಡು ಹೋಗುತ್ತಿದ್ದರು. ನಾನೂ ಇಳಿಯತೊಡಗಿದೆ. ಸ್ವಲ್ಪ ಜೋರಾಯಿತು ಎನಿಸಿ ಬ್ರೇಕು ಹಿಡಿದೆ. ಏನೂ ಆಗಲಿಲ್ಲ. ಎರಡೂ ಕೈಯಲ್ಲಿ ಹಿಡಿದೆ. ಬ್ರೇಕಿನ ರಬ್ಬರು ಚಕ್ರದ ಪಟ್ಟಿಯ ಮೇಲೆ ಬೆಣ್ಣೆಯ ಮೇಲೆ ಕೂತ ಹಾಗೆ ಜಾರಿತು.

"ಅಮ್ಮಾ!" ಎಂದು ಕೂಗಿದೆ. ಮೊದಲು ಕೊನೆಯವನನ್ನು ದಾಟಿದೆ. ಆಮೇಲೆ ಇಬ್ಬರನ್ನು ಒಟ್ಟಿಗೆ. ದಾಟಿದಾಗೊಮ್ಮೆ "ಅಮ್ಮಾ!" ಎನ್ನುತ್ತಿದ್ದೆ. ಒಬ್ಬ "ಏನ್ ಗುರು ಆಂಟಿ!" ಎಂದದ್ದು ಕಿವಿಗೆ ಬಿತ್ತು. ಭಯದಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಸುಳ್ಳು ಹೇಳಲಾರೆ, ನಾನು ಎಣಿಸುತ್ತಿದ್ದೆ. ಆರು, ಏಳು, ಎಂಟು. ನವೀನನನ್ನು ದಾಟುವಾಗ ಅವನ ಮುಖ ನೋಡಿದೆ, ಬಾಯಿ ತೆರೆದಿತ್ತು. ಒಂಬತ್ತು! ಆಮೇಲೆ ರಸ್ತೆ ಏರಿಯ ಮೇಲಕ್ಕೆ ಹತ್ತಿತು. ನಮ್ಮ ಹಿರಿಯರು ಕೆರೆಗೆ ಅಷ್ಟೆತ್ತರ ಏರಿ ಯಾಕೆ ಕಟ್ಟುತ್ತಿದ್ದರು ಎಂದು ಅವತ್ತು ಅರ್ಥವಾಯಿತು. ಹತ್ತುತ್ತಾ ಹತ್ತುತ್ತಾ ಸೈಕಲ್ ಸುಸ್ತಾಗಿ, ತೂಬಿನ ಕಲ್ಲಿನ ಪಕ್ಕ ತಾನಾಗಿಯೇ ನಿಂತಿತು.

ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ, "ಯಾಕವ್ವ ಹಂಗೆ ಬಡ್ಕೊಂಡು ಬಂದೆ? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಎಂದಳು. "ಇಲ್ಲಮ್ಮ, ಸುಮ್ನೆ" ಎಂದೆ. ಚಕ್ರದ ಪಟ್ಟಿಯ ಮೇಲೆ ಬೆರಳಾಡಿಸಿದೆ. ಎಳ್ಳೆಣ್ಣೆ! ಪೂಜೆಯಲ್ಲಿ ಉಳಿದ ದೀಪದೆಣ್ಣೆಯನ್ನು ಅತ್ತೆ ಎರಡು ಚಕ್ರಕ್ಕೂ ತಿಕ್ಕಿ ತಿಕ್ಕಿ ಹಚ್ಚಿ ಅಭ್ಯಂಜನ ಮಾಡಿಸಿದ್ದರು. ಒಂಬತ್ತನೇ ಕ್ಲಾಸಿಗೆ ಹತ್ತೊಂಬತ್ತು ವರ್ಷದಿಂದ ಘರ್ಷಣೆಯ ಪಾಠ ಮಾಡಿದವಳು ನಾನು. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಹೊಳೆಯುವ ಚಕ್ರವನ್ನು ನಾಲ್ಕು ದಿನ ನೋಡಿ ಖುಷಿಪಟ್ಟೆನೇ ಹೊರತು ಒಂದು ಸಲ ಮುಟ್ಟಿ ನೋಡಲಿಲ್ಲ. ಗಡಿಬಿಡಿಯಲ್ಲಿ ಕೆರೆಯ ಮಣ್ಣು ತಗೊಂಡು ಎರಡೂ ಚಕ್ರವನ್ನು ದುಪಟ್ಟಾದಲ್ಲಿ ಉಜ್ಜಿದೆ, ದುಪಟ್ಟಾವನ್ನು ಬ್ಯಾಗಿಗೆ ತುರುಕಿದೆ, ತೂಬಿನ ಕಲ್ಲಿನ ಮೇಲೆ ಹೋಗಿ ಕೂತೆ. ಕಾಲ ಮೇಲೆ ಕಾಲು ಹಾಕಿಕೊಂಡೆ.

ಹುಡುಗರು ಬಂದರು. "ಆಂಟಿ, ಏನ್ ಸ್ಪೀಡಲ್ಲಿ ಇಳಿದ್ರಿ ಆಂಟಿ! ಬ್ರೇಕೇ ಮುಟ್ಲಿಲ್ವಲ್ಲ ನೀವು!" ಎಂದ ನವೀನ. "ಮುಟ್ಟಿದೆ" ಎಂದೆ. ಅದು ನಿಜವೇ. "ಮುಟ್ಟಿದೆ ಅಂತಾರೆ ನೋಡ್ರೋ, ಎಷ್ಟು ಸಿಂಪಲ್!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬ ಫೋಟೊ ತೆಗೆದ. ನಾನು ನಟ್ಟನಡುವೆ, ಎರಡೂ ಕಡೆ ನಾಲ್ಕು ನಾಲ್ಕು ಜನ, ಹಿಂದೆ ಕೆರೆ. ಆ ಫೋಟೊ ಈಗಲೂ ನಮ್ಮ ಹಾಲ್‌ನಲ್ಲಿದೆ. ಬಂದವರು ಕೇಳದಿದ್ದರೂ ತೋರಿಸುತ್ತೇನೆ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಹೆಂಗೆ ಓಡ್ತೇ?" ಎಂದರು. ಆ ಮುಖ ನೋಡಿದ ಮೇಲೆ ನಿಜ ಹೇಳಲು ಯಾರಿಗೆ ನಾಲಿಗೆ ಏಳುತ್ತದೆ? "ತುಂಬಾ ಚೆನ್ನಾಗಿ ಓಡ್ತು ಅತ್ತೆ. ನಿಲ್ಲಲೇ ಇಲ್ಲ" ಎಂದೆ. ಅವತ್ತು ನನ್ನ ತಟ್ಟೆಗೆ ಎರಡು ಸಲ ತುಪ್ಪ ಬಿತ್ತು.

ಆದರೆ ಹೆಸರು ಬರುವುದು ಸುಲಭ, ಉಳಿಸಿಕೊಳ್ಳುವ ಕಷ್ಟ ಮುಂದಿನ ಭಾನುವಾರ ಗೊತ್ತಾಯಿತು. ಅದೇ ದಿಬ್ಬದ ನೆತ್ತಿಯಲ್ಲಿ ಎಲ್ಲರೂ ನಿಂತು ನನ್ನನ್ನು ಕಾಯುತ್ತಿದ್ದರು. "ಆಂಟಿ, ಇನ್ನು ಮುಂದೆ ನೀವೇ ಫ್ರಂಟು. ನಾವು ನಿಮ್ಮ ಹಿಂದೆ" ಎಂದ ನವೀನ. ಅಷ್ಟರಲ್ಲಿ ನಾನು ಚಕ್ರವನ್ನು ಸೋಪು ಹಾಕಿ ತೊಳೆದು, ಹೊಸ ರಬ್ಬರು ಹಾಕಿಸಿ, ಗಲ್ಲಿಯಲ್ಲಿ ಮೂವತ್ತು ಸಲ ನಿಲ್ಲಿಸಿ ನಿಲ್ಲಿಸಿ ಪರೀಕ್ಷೆ ಮಾಡಿದ್ದೆ. ಎರಡೂ ಬ್ರೇಕನ್ನು ಜೀವ ಹೋಗುವ ಹಾಗೆ ಹಿಡಿದುಕೊಂಡು ಇಳಿಯತೊಡಗಿದೆ. ನಡೆದುಕೊಂಡು ಹೋಗುತ್ತಿದ್ದ ಒಂದು ಆಡು ನಮ್ಮನ್ನು ದಾಟಿ ಹೋಯಿತು. ಹಿಂದಿನಿಂದ ಯಾರೋ, "ಯಾಕ್ ಮಗಾ ಇಷ್ಟು ಸ್ಲೋ?" ಎಂದ. "ಸುಮ್ನಿರೋ, ಆಂಟಿಗೆ ಗೊತ್ತು, ಏನೋ ಕಾರಣ ಇರುತ್ತೆ" ಎಂದು ನವೀನ ಗದರಿದ. ಒಬ್ಬನೂ ನನ್ನನ್ನು ದಾಟಲಿಲ್ಲ. ಒಂಬತ್ತು ಸೈಕಲ್ಲುಗಳು ಕಿರ್ರೋ ಎನ್ನುತ್ತಾ ಹಿಂದೆ ಬಂದವು. ಅರ್ಧ ದಾರಿಯಲ್ಲಿ ಒಬ್ಬ, "ಲೋ, ಇಲ್ಲಿಂದ ಪೂರ್ತಿ ಕೆರೆ ಕಾಣುತ್ತಲ್ಲೋ! ಇಷ್ಟು ದಿನ ನೋಡೇ ಇರ್ಲಿಲ್ಲ" ಎಂದ. ಆಮೇಲೆ ಕೆಳಗೆ ತಲುಪುವವರೆಗೂ ಎಲ್ಲರ ಕಣ್ಣೂ ಕೆರೆಯ ಮೇಲೇ.

ಏರಿಯ ಮೇಲೆ ಸೈಕಲ್ ನಿಲ್ಲಿಸಿ ನವೀನ ನನ್ನ ಹತ್ತಿರ ಬಂದ. "ಥ್ಯಾಂಕ್ಸ್ ಆಂಟಿ. ನಮಗೋಸ್ಕರ ಬೇಕಂತಲೇ ನಿಧಾನಕ್ಕೆ ಇಳಿದ್ರಿ, ಅಲ್ವಾ?" ಎಂದ.

ನಿಜ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರು ನಾನು. ಬಾಯಿ ತೆರೆದೆ.

"ಹೂಂ ಕಣಪ್ಪ" ಎಂದೆ. "ಏನ್ ಮಾಡೋದು, ನಿಮ್ಮನ್ನೂ ಜೊತೇಲಿ ಕರ್ಕೊಂಡು ಬರಬೇಕಲ್ಲ."