8085ರ ಪ್ರೋಗ್ರಾಮು, ಝಡ್-80ರ ಕಿಟ್ಟು

ಹಿಂದೂಪುರದ ಒಂದು ಕಾಲೇಜಿನಲ್ಲಿ ನಾನು ಮೈಕ್ರೊಪ್ರೊಸೆಸರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಜಗತ್ತು ಎಲ್ಲಿಗೋ ಹೋಯಿತು. ನಮ್ಮ ಮಕ್ಕಳು ಇವತ್ತಿಗೂ 8085 ಎಂಬ ಹಳೇ ಚಿಪ್ಪಿನ ಕಿಟ್ಟಿಗೆ ಒಂದೊಂದೇ ಕೋಡು ಒತ್ತಿ ಲೆಕ್ಕ ಮಾಡಿಸುತ್ತಾರೆ. ಅದರ ದಾಯಾದಿ ಝಡ್-80ರ ಕಿಟ್ಟುಗಳೂ ಅದೇ ಬೆಂಚಿನ ಮೇಲಿವೆ. ದಾಯಾದಿಗಳು ಒಂದೇ ಮನೆಯಲ್ಲಿದ್ದ ಮೇಲೆ ವಾರಕ್ಕೊಂದಾದರೂ ತಮಾಷೆ ಆಗದೆ ಇರುತ್ತದೆಯೇ?

ಹೆಸರು ಎರಡು, ಕೆಲಸ ಒಂದು

"ಒಂದು ಅಂಕಿ ತುಂಬು ಅನ್ನೋಕೆ 8085ರಲ್ಲಿ ಎಂವಿಐ ಅಂತ ಬರೆಯೋದನ್ನ ಝಡ್-80ರಲ್ಲಿ ಎಲ್‌ಡಿ ಅಂತಾರೆ. ಒತ್ತೋ ಕೋಡು ಮಾತ್ರ ಎರಡಕ್ಕೂ ಒಂದೇ" ಎಂದು ಒಂದು ದಿನ ಪಾಠ ಮಾಡುತ್ತಿದ್ದೆ. ಲೇಪಾಕ್ಷಿಯಿಂದ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳು ತಲೆಯಾಡಿಸಿದಳು.

"ನಮ್ಮನೇಲೂ ಹಿಂಗೇ ಮೇಡಂ. ಅವ್ವ ಕನ್ನಡದಾಗೆ ಬೈತಾಳೆ, ನಾಯ್ನ ತೆಲುಗಲ್ಲಿ ಬೈತಾನೆ. ಕೊನೀಗೆ ನಾನು ಮಾಡೋದು ಅದೇ ಪಾತ್ರೆ ತೊಳೆಯೋ ಕೆಲಸ."

ಉದ್ಘಾಟನೆ

ಲ್ಯಾಬಿಗೆ 8085ರ ಮುಂದಿನ ಪೀಳಿಗೆಯ 8086ರ ಕಿಟ್ಟು ಬಂತು. ನಮ್ಮ ಎಚ್‌ಓಡಿ ಎಂದರೆ ವಿಭಾಗದ ಮುಖ್ಯಸ್ಥರು, ಸೋಮಂದೇಪಲ್ಲಿ ಊರಿನವರು, ಜೀವನವಿಡೀ 8085 ಕಲಿಸಿದವರು. ಉದ್ಘಾಟನೆಗೆ ಎರಡು ಅಂಕಿ ಕೂಡುವ ತಮ್ಮ ಹಳೇ ಪ್ರೋಗ್ರಾಮನ್ನೇ ಒತ್ತುತ್ತೇನೆಂದು ಕೂತರು.

"ಸರ್, ಆ ಕೋಡು ಇದರಲ್ಲಿ ನಡೆಯಲ್ಲ. ಪ್ರೋಗ್ರಾಮನ್ನ ಇದರ ಭಾಷೆಗೆ ಬದಲಾಯಿಸಬೇಕು."

"ಒಂದೇ ವಂಶ ಕಣಮ್ಮ. ತಾತನ ಮಾತು ಮೊಮ್ಮಗ ಕೇಳಲ್ವಾ?"

"ಕೇಳೋದೇ ಇಲ್ಲ ಸರ್."

ಅವರೂ ನನ್ನ ಮಾತು ಕೇಳಲಿಲ್ಲ. ಕಿಟ್ಟಿಗೆ ಕುಂಕುಮ ಇಟ್ಟು, ಪ್ರಿನ್ಸಿಪಾಲರ ಎದುರು ಬಟನ್ ಒತ್ತಿದರು. ಕೂಡಿದ ಉತ್ತರ ಬರಬೇಕಾದ ಕಡೆ ಏನೇನೋ ಅಕ್ಷರಗಳು ಓಡತೊಡಗಿದವು. ಎಚ್‌ಓಡಿಯವರ ಮುಖ ಬಿಳುಚಿಕೊಂಡಿತು. ಪ್ರಿನ್ಸಿಪಾಲರು ಬಗ್ಗಿ ನೋಡಿದರು.

"ಬಾಗುಂದಿ, ಬಾಗುಂದಿ, ಚೆನ್ನಾಗಿದೆ. ಎಂಥಾ ಸ್ಪೀಡು, ಓದಕ್ಕೇ ಆಗ್ತಿಲ್ಲ" ಎಂದು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಎಚ್‌ಓಡಿ.

ಕಲ್ಯಾಣದುರ್ಗದ ವೈವಾ

ಕಲ್ಯಾಣದುರ್ಗದ ಒಂದು ಕಾಲೇಜಿಗೆ ಪರೀಕ್ಷೆ ನಡೆಸಲು ಹೋಗಿದ್ದೆ. ಬ್ರಹ್ಮಸಮುದ್ರದ ಕಡೆಯ ಒಬ್ಬ ಹುಡುಗ, ಇದೇ ವಿಷಯದಲ್ಲಿ ಮತ್ತೆ ಮತ್ತೆ ಫೇಲಾಗಿ ಬಂದಿದ್ದ. ಗಾಳಿಯಂತ್ರದ ಕಂಪನಿಯಲ್ಲಿ ಕೆಲಸ ಕಾಯುತ್ತಿತ್ತು. ಇದೊಂದು ಪಾಸಾದರೆ ಸೇರಬಹುದು. ಹೊರಗಿನ ಸ್ವಿಚ್ಚು ಆನೋ ಆಫೋ ಎಂದು ಓದಿ ತೋರಿಸುವುದು ಅವನ ಪ್ರೋಗ್ರಾಮು. ಎಷ್ಟು ಸಲ ಒತ್ತಿದರೂ ಉತ್ತರವಿಲ್ಲ.

"ಕರೆಕ್ಟಾಗೇ ಒತ್ತಿದೀನಿ ಮೇಡಂ. ಅದು ಎಲ್ಲಿಗೋ ಹೊಂಟೋಯ್ತದೆ" ಎಂದ.

ನೋಡಿದೆ. ಪ್ರೋಗ್ರಾಮು 8085ರದ್ದು, ಸರಿಯಾಗೇ ಇತ್ತು. ಕಿಟ್ಟು ಮಾತ್ರ ಝಡ್-80! ಹೆಚ್ಚಿನ ಕೋಡು ಎರಡಕ್ಕೂ ಒಂದೇ ಆದರೂ, ಅವನು ಒತ್ತಿದ 20 ಎಂಬ ಕೋಡಿಗೆ 8085ರಲ್ಲಿ 'ಹೊರಗಿನದ್ದು ಓದು' ಎಂದರ್ಥ. ಝಡ್-80ರಲ್ಲಿ ಅದೇ 20ಕ್ಕೆ 'ಬೇರೆ ಕಡೆ ನೆಗೆ' ಎಂದರ್ಥ. ಪಾಪ, ಹೇಳಿದ ಹಾಗೆ ನೆಗೆದಿತ್ತು.

8085ರ ಕಿಟ್ಟಿನ ಮುಂದೆ ಕೂರಿಸಿದೆ. ಒತ್ತಿದ ಕೂಡಲೇ ಉತ್ತರ ಬಂತು. ವೈವಾದಲ್ಲಿ ಸುಲಭದ್ದೇ ಕೇಳೋಣವೆಂದು, "ಹೇಳಪ್ಪ, ಈ ಎರಡಕ್ಕೂ ಏನು ವ್ಯತ್ಯಾಸ?" ಎಂದೆ.

ಅವನು ಎರಡೂ ಕಿಟ್ಟುಗಳನ್ನು ಯೋಚಿಸುತ್ತಾ ನೋಡಿದ.

"ಇದ್ರಾಗೆ ಪಾಸಾಯ್ತೀನಿ ಮೇಡಂ, ಅದ್ರಾಗೆ ಆಗಲ್ಲ."

ಪೂರ್ತಿ ಮಾರ್ಕ್ಸ್ ಹಾಕಿದೆ. ಇದನ್ನು ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕದಲ್ಲೂ ಬರೆದಿಲ್ಲ.