ಯಾರಿಗೂ ಕೊಡದ ಫೋನ್ ನಂಬರು

"ಈ ನಂಬರ್ ಒಂದು ನರಪಿಳ್ಳೆಗೂ ಗೊತ್ತಾಗಬಾರದು! ತಿಳೀತಿಲ್ಲೋ?"

ಸೊಲ್ಲಾಪುರದ ಆ ಗಲ್ಲಿಗೇ ಮೊದಲ ಟೆಲಿಫೋನು ತಮ್ಮ ಮನೆಗೆ ಬಂದ ದಿನ ಹೆಡ್‌ಕ್ಲಾರ್ಕ್ ರಾಘವೇಂದ್ರರಾಯರು ಹೆಂಡತಿ ದ್ವಾರಕಾಬಾಯಿಯನ್ನೂ ಮಗಳು ಅನುಜಾಳನ್ನೂ ಎದುರಿಗೆ ನಿಲ್ಲಿಸಿಕೊಂಡು ಹೊರಡಿಸಿದ ಫರ್ಮಾನು ಇದು. ಅದು ತೊಂಬತ್ನಾಲ್ಕನೆಯ ಇಸವಿ. ಫೋನಿಗೆ ಅರ್ಜಿ ಹಾಕಿದಾಗ ಅನುಜಾ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅದು ಮನೆಗೆ ಬರುವಷ್ಟರಲ್ಲಿ ಬಿ.ಕಾಂ. ಮುಗಿಸಿ ಮದುವೆಗೆ ಬಂದಿದ್ದಳು. ಅಷ್ಟು ತಪಸ್ಸು ಮಾಡಿ ಪಡೆದ ವರವನ್ನು ಕಂಡಕಂಡವರಿಗೆ ಹಂಚಲು ರಾಯರಿಗೇನು ತಲೆ ಕೆಟ್ಟಿತ್ತೇ?

ಕಚೇರಿಯಲ್ಲಿ ಕೇಳಿದವರಿಗೆ "ಇನ್ನೂ ಬಂದಿಲ್ಲ" ಎಂದರು. ಸ್ವಂತ ಅಣ್ಣನಿಗೂ ತಿಳಿಸಲಿಲ್ಲ. ಅನುಜಾಳನ್ನು ನೋಡಿ ಹೋಗಿದ್ದ ಅಕ್ಕಲಕೋಟದ ಗಂಡಿನ ಕಡೆಯವರಿಗೂ "ಏನಿದ್ರೂ ಪತ್ರಾ ಬರೀರಿ" ಎಂದೇ ಹೇಳಿ ಕಳಿಸಿದ್ದರು. ಟೀಪಾಯಿಯ ಮೇಲೆ ಫೋನು, ಫೋನಿನ ಮೇಲೆ ಕಸೂತಿಯ ಹೊದಿಕೆ, ಹೊದಿಕೆ ಕೊಳೆಯಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಮಹಾರಾಜರು ಅಂತಃಪುರದಲ್ಲಿ ಸುಖವಾಗಿದ್ದರು.

ಆದರೆ ಮಹಾರಾಜರು ಗಂಟಲು ತೆರೆದದ್ದೇ ತೆರೆದದ್ದು, ಮುಚ್ಚಲೇ ಇಲ್ಲ! ಬೆಳಗ್ಗೆ ಟ್ರಿಣ್, ಊಟದ ಹೊತ್ತಿಗೆ ಟ್ರಿಣ್, ಸಂಧ್ಯಾವಂದನೆಗೆ ಕೂತರೆ ಟ್ರಿಣ್. ಎತ್ತಿದರೆ ಒಂದೂ ರಾಯರಿಗಲ್ಲ.

ಆದದ್ದಿಷ್ಟೇ. ದ್ವಾರಕಾಬಾಯಿ ನಂಬರನ್ನು ಒಬ್ಬರಿಗೆ, ಒಬ್ಬರಿಗೇ, ಪಕ್ಕದ ಮನೆಯ ನೀಲಾಬಾಯಿಗೆ ಹೇಳಿದ್ದರು. ನೀಲಾಬಾಯಿ ಒಂದು ಹಿಡಿ ಶೇಂಗಾ ಸಿಕ್ಕರೂ ಗಲ್ಲಿಗೆ ಹಂಚಿ ತಿನ್ನುವ ಹೆಂಗಸು. ನಂಬರನ್ನೂ ಹಂಚಿದರು. ಸ್ವಂತ ಫೋನಿಲ್ಲದವರು ನೆರೆಮನೆಯ ನಂಬರು ಕೊಟ್ಟು ಮುಂದೆ 'ಪಿ.ಪಿ.' ಎಂದು ಬರೆಯುತ್ತಿದ್ದ ಕಾಲವದು. ಫೋನು ಬಂದರೆ ಮನೆಯವರು ಎದ್ದು ಹೋಗಿ ಕರೆತರಬೇಕು. ಒಂದು ದಿನ ಗಲ್ಲಿಯ ತುದಿಯ ಟೇಲರನ ಬೋರ್ಡಿನ ಮೇಲೆ ರಾಯರ ನಂಬರು ಕೆಂಪು ಬಣ್ಣದಲ್ಲಿ ಹೊಳೆಯಿತು! ರಾಯರು ಅಲ್ಲೇ ನಿಂತು ಓದಿಕೊಂಡು, ಚಪ್ಪಲಿ ಬಡಿಯುತ್ತ ಮನೆಗೆ ಬಂದರು.

"ದ್ವಾರಕಾ! ಇದು ನನ್ನ ಫೋನೋ, ಗಲ್ಲೀದೋ?"

"ನಿಮ್ಮದೇ ಅದರೀ. ಬಿಲ್ ನಿಮ್ಮ ಹೆಸರಿಗೇ ಬರ್ತದಲ್ಲ."

"ಮತ್ತ ನನಗ್ಯಾಕ ಒಂದೂ ಫೋನ್ ಬರೂದಿಲ್ಲ?"

"ನೀವು ಯಾರಿಗೆ ನಂಬರ್ ಕೊಟ್ಟೀರಿ, ಬರ್ಲಿಕ್ಕೆ?"

ರಾಯರ ಸಿಟ್ಟು ಇಮ್ಮಡಿಸಿತು.

ಆ ಸಿಟ್ಟು ಒಡೆದದ್ದು ಒಂದು ಭಾನುವಾರ. ತಾಯಿ ಮಗಳು ಬಜಾರಕ್ಕೆ ಹೋಗಿದ್ದರು. ರಾಯರು ಶೇಂಗಾ ಹೋಳಿಗೆ ಉಂಡು, ಚಾದರ ಎಳೆದುಕೊಂಡು, ಕಣ್ಣು ಮುಚ್ಚಿದರು. ಟ್ರಿಣ್!

ಮಂದ್ರೂಪದಿಂದ. ಎದುರುಮನೆಯ ಸೋಮವ್ವನ ತವರಿನ ಎಮ್ಮೆ ಈದಿದೆಯಂತೆ. ರಾಯರು ಹೋಗಿ ಕರೆದರು. ಸೋಮವ್ವ ಹಿಟ್ಟಿನ ಕೈಯಲ್ಲೇ ಸೊಸೆಯರ ಸಮೇತ ಬಂದು, ಹೆಣ್ಗರುವೋ ಗಂಡುಗರುವೋ, ಯಾರ ಬಣ್ಣ, ಗಿಣ್ಣ ಯಾರ್ಯಾರಿಗೆ ಕೊಟ್ಟಿರಿ, ಎಲ್ಲ ವಿಚಾರಿಸಿ ಹೋದಳು. ರಿಸೀವರಿಗೆ ಜೋಳದ ಹಿಟ್ಟು ಮೆತ್ತಿತು. ಒರೆಸಿ ಮಲಗಿದರು. ಟ್ರಿಣ್!

ಟೇಲರನ ಗಿರಾಕಿ. ಬ್ಲೌಸು ಆಗಿದೆಯಾ? ರಾಯರು ಸುಡುವ ಬಿಸಿಲಲ್ಲಿ ಗಲ್ಲಿಯ ತುದಿಗೆ ನಡೆದರು. ಟೇಲರ್ ಮಶಿನಿನಿಂದ ತಲೆ ಕೂಡ ಎತ್ತದೆ "ನಾಳಿ ಅಂತ ಹೇಳ್ರಿ" ಎಂದ. ಹೆಡ್‌ಕ್ಲಾರ್ಕ್! ಕೈಕೆಳಗೆ ಅಷ್ಟು ಮಂದಿ ಗುಮಾಸ್ತರು! ಅಂಥವರು ತಿರುಗಿ ಬಂದು ಅಪರಿಚಿತ ಹೆಂಗಸಿಗೆ "ನಾಳಿ ಆಗ್ತದಂತ್ರಿ, ಬ್ಲೌಸು" ಎಂದು ವರದಿ ಒಪ್ಪಿಸಿದರು. ಸಿಟ್ಟಿನಿಂದ ಕಿವಿ ಕೆಂಪಾಗಿತ್ತು. ಚಾದರದ ತುದಿ ಹಿಡಿದಿದ್ದರು, ಅಷ್ಟೇ. ಟ್ರಿಣ್!

"ಹಲೋ," ಮೆತ್ತಗಿನ ಹೆಣ್ಣು ದನಿ. "ಜರಾ ನೀಲಾಬಾಯಿಯವರನ್ನ ಕರೀತೀರೇನ್ರೀ?"

"ಇಲ್ಲ!"

"ಮನ್ಯಾಗಿಲ್ಲೇನು? ಯಾವಾಗ ಬರ್ತಾರ?"

"ಬರೂದಿಲ್ಲ!"

"ಅಂದ್ರ? ಎಲ್ಲಿಗೆ ಹೋಗ್ಯಾರ? ನೋಡ್ರಿ, ನಾ ಎಸ್‌ಟಿಡಿ ಬೂತಿನ್ಯಾಗ ನಿಂತೀನಿ, ಮೀಟರ್ ಓಡ್ಲಿಕ್ಕತ್ತದ, ಭಾಳ ಅರ್ಜಂಟ್ ಕೆಲಸ..."

"ಸತ್ತು ಹೋದಳು ನೀಲಾಬಾಯಿ!" ರಾಯರು ಗುಡುಗಿದರು. "ಸತ್ತಳು! ಮುಗೀತು! ಇನ್ನ ಮ್ಯಾಲೆ ಆಕೀ ಹೆಸರು ಹೇಳಿ ಫೋನ್ ಹಚ್ಚಿದ್ರ ಸರಿ ಇರೂದಿಲ್ಲ!"

ಧಡ್ ಎಂದು ರಿಸೀವರ್ ಇಟ್ಟರು. ಎದೆ ಹಗುರಾಯಿತು. ಯುದ್ಧ ಗೆದ್ದವರ ಹಾಗೆ ಗೊರಕೆ ಹೊಡೆದರು.

ಎಚ್ಚರಾದದ್ದು ಅಳುವಿನ ಸದ್ದಿಗೆ. ಗಲ್ಲಿಯ ಬಾಯಿಯಿಂದ "ಯಕ್ಕಾ! ನನ್ನ ಬಿಟ್ಟು ಹೋದೇನ ಯಕ್ಕಾ!" ಎಂದು ಎದೆ ಬಡಿದುಕೊಳ್ಳುತ್ತ ಒಬ್ಬ ಹೆಂಗಸು ಬರುತ್ತಿದ್ದಳು. ಅಕ್ಕಲಕೋಟದಲ್ಲಿದ್ದ ನೀಲಾಬಾಯಿಯ ತಂಗಿ ರೇವಮ್ಮ! ಎಸ್‌ಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತು, ಕುಂಭಾರಿಯಲ್ಲಿ ಹತ್ತಿದವರನ್ನೂ ಅಳಿಸಿಕೊಂಡು ಬಂದಿದ್ದಳು. ನೀಲಾಬಾಯಿ ತಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ತಂಗಿ ಅಳುತ್ತ ಬರುವುದನ್ನು ಕಂಡು, ಮೊರ ಬದಿಗಿಟ್ಟು, ಸೆರಗು ಬಾಯಿಗಿಟ್ಟುಕೊಂಡು ತಾವೂ ಜೋರಾಗಿ ಅಳಲು ಶುರು ಮಾಡಿದರು.

"ಯಾರು ಹೋದ್ರ ಯವ್ವಾ?"

"ನೀನ ಹೋಗೀದಿ ಅಂತಲ್ಲ ಯಕ್ಕಾ!"

"ನಾನಾ?" ನೀಲಾಬಾಯಿಯ ಅಳು ಗಕ್ಕನೆ ನಿಂತಿತು. "ನನಗ್ಯಾರೂ ಹೇಳೇ ಇಲ್ಲಲ್ಲ!"

ಗಲ್ಲಿ ನೆರೆಯಿತು. ದ್ವಾರಕಾಬಾಯಿ, ಅನುಜಾ ಕೈಚೀಲ ಹಿಡಿದುಕೊಂಡು ಅದೇ ಆಗ ಬಂದು ಗುಂಪಿನಲ್ಲಿ ನಿಂತರು. ರೇವಮ್ಮ ಅಕ್ಕನ ಕೈ, ಕೆನ್ನೆ ಮುಟ್ಟಿ ಮುಟ್ಟಿ ನೋಡಿ, ಕೊನೆಗೆ ಮಾತು ಕೂಡಿಸಿಕೊಂಡಳು.

"ನಮ್ಮ ಓಣ್ಯಾಗಿನ ಪರಾಗನ ಅವ್ವ ಬೂತಿನಿಂದ ಫೋನ್ ಹಚ್ಚಿದ್ಳು. ನಿಮ್ಮ ಬಾಜೂ ಮನಿ ರಾಯರ ಮಗಳನ್ನ ಅವರು ನೋಡಿ ಹೋಗ್ಯಾರಲ್ಲ, ಆ ಮಂದಿ ಹ್ಯಾಂಗದಾರ ಅಂತ ನಿನ್ನ ಕಡೆ ಚೌಕಶಿ ಮಾಡಬೇಕಾಗಿತ್ತು. ನಿನ್ನ ಪಿ.ಪಿ. ನಂಬರ್ ನಾನ ಕೊಟ್ಟಿದ್ನಿ. ಯಾವನೋ ಒಬ್ಬ ಹುಚ್ಚ ಎತ್ತಿ, ಸತ್ತಳು, ಮುಗೀತು ಅಂದನಂತ! ಅಂಥಾ ಮಂದಿ ಇರೂ ಗಲ್ಲ್ಯಾಗ ಸಂಬಂಧ ಬ್ಯಾಡ ಅಂತ ಕೂತಾಳ ಆಕಿ."

ಕಿಟಕಿಯ ಪರದೆಯ ಹಿಂದೆ ನಿಂತಿದ್ದ ರಾಯರು ಪರದೆಯನ್ನು ಇನ್ನಷ್ಟು ಎಳೆದುಕೊಂಡರು. ಸಂಬಂಧ ಗಟ್ಟಿ ಮಾಡುವ ಮುಂಚೆ ನೆರೆಹೊರೆಯವರನ್ನು ಗುಟ್ಟಾಗಿ ಕೇಳುವುದು ಆ ಕಡೆಯ ಪದ್ಧತಿ. ಗಂಡಿನ ತಾಯಿ ರಾಯರ ಮನೆತನದ ಬಗ್ಗೆ ಕೇಳಲು ಫೋನು ಹಚ್ಚಿದ್ದು ರಾಯರ ಮನೆಗೇ!

ದ್ವಾರಕಾಬಾಯಿ ಒಳಗೆ ಬಂದರು.

"ಏನ್ರೀ, ಮಧ್ಯಾಹ್ನ ಫೋನ್ ಬಂದಿತ್ತೇನು?"

"ಬಂದಿತ್ತು... ಮಂದ್ರೂಪದ್ದು. ಎಮ್ಮಿ ಈದದ."

"ಆಮ್ಯಾಲೆ?"

"ಬ್ಲೌಸು... ನಾಳಿ ಆಗ್ತದಂತ."

"ಆಮ್ಯಾಲೆ?"

ರಾಯರು ಫೋನಿನ ಪ್ಲಾಸ್ಟಿಕ್ ಹಾಳೆಯ ಸುಕ್ಕು ಸರಿಮಾಡಿದರು. ದ್ವಾರಕಾಬಾಯಿಗೆ ಅಷ್ಟು ಸಾಕಾಯಿತು. "ಬಾಯಿ ಅದ ಅಂತ ಜೀವಂತ ಇದ್ದವರನ್ನ ಕೊಲ್ಲೂದೇನು?" ಎಂದವರು ಮುಂದೆ ಅಂದದ್ದನ್ನು ಬರೆಯುವಂತಿಲ್ಲ.

ನೋಡಲು ಬಂದ ಗಂಡುಗಳಲ್ಲಿ ಅನುಜಾ ತಾನಾಗಿ ಹೂಂ ಅಂದದ್ದು ಈ ಪರಾಗನಿಗೊಬ್ಬನಿಗೇ. ಕೈಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. "ಹೋಗ್ಲಿ ಬಿಡ್ರಿ ಬಾಬಾ" ಎಂದು ಅಪ್ಪನಿಗೆ ಹೇಳಿ ಒಳಗೆ ಹೋದಳು. ಬೈದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಈ ಮಾತು ಕರುಳಿಗೇ ತಾಗಿತು.

ರಾಯರು ಅಂಗಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು ನೀಲಾಬಾಯಿಯ ಕಟ್ಟೆಗೆ ಹೋಗಿ ಕೈಮುಗಿದರು.

"ನೀಲಾಬಾಯಿಯವರ, ನಮ್ಮ ಮನಿಗೆ ಬರಬೇಕ್ರಿ. ಅಕ್ಕಲಕೋಟಕ್ಕ ಒಂದು ಫೋನ್ ಮಾಡಬೇಕಾಗ್ಯದ."

"ಸತ್ತಾಕಿ ಹ್ಯಾಂಗ ಬರ್ಲಿ ರಾಯರ?"

"ತಪ್ಪಾತ್ರಿ. ನನ್ನ ಮಗಳ ಮಾರಿ ನೋಡಿ ಬರ್ರಿ."

ನೀಲಾಬಾಯಿ ಅನುಜಾಳ ಮುಖಕ್ಕಾಗಿ ಎದ್ದರು. ಹಿಂದೆ ರೇವಮ್ಮ, ಸೋಮವ್ವ, ಸೊಸೆಯರು, ಟೇಪು ಕೊರಳಿಗೆ ಹಾಕಿಕೊಂಡ ಟೇಲರ್, ಹೀಗೆ ಇಡೀ ಗಲ್ಲಿಯೇ ರಾಯರ ಪಡಸಾಲೆಯಲ್ಲಿ ಸಭೆ ಸೇರಿತು. ರಾಯರು ಸ್ವಹಸ್ತದಿಂದ ಪ್ಲಾಸ್ಟಿಕ್ ತೆಗೆದರು, ಹೊದಿಕೆ ತೆಗೆದರು, ತಮ್ಮ ಖುರ್ಚಿಯನ್ನೇ ನೀಲಾಬಾಯಿಗೆ ಕೊಟ್ಟು, ರೇವಮ್ಮ ಹೇಳಿದ ಬೂತಿನ ನಂಬರು ತಿರುಗಿಸಿ ನಿಂತರು. ಅಲ್ಲಿಯೂ ಅದೇ ಕಥೆ. ಬೂತಿನವನು ಓಣಿಗೆ ಹೋಗಿ ಪರಾಗನ ತಾಯಿಯನ್ನು ಕರೆತರಬೇಕು. ಅಷ್ಟರಲ್ಲಿ ನೀಲಾಬಾಯಿಗೆ ಚಹಾ ಬಂತು.

"ಹಲೋ? ನಾ ನೀಲಾಬಾಯಿ ಮಾತಾಡಾಕತ್ತೀನ್ರಿ... ಅಂಜಬ್ಯಾಡ್ರಿ, ಜೀವಂತ ಅದೀನಿ!... ಹೂಂ ಹೂಂ. ರಾಯರ ಮನಿತನಾ? ಬಂಗಾರದಂಥಾ ಮಂದಿರಿ! ಹುಡುಗಿ ಅಂದ್ರ ಆಕಳು. ತಾಯಿ ಅಂತೂ ಕೇಳಬ್ಯಾಡ್ರಿ, ಕೈ ಎತ್ತಿ ಕೊಡೂ ಹೆಣ್ಣಮಗಳು. ರಾಯರಾ?"

ನೀಲಾಬಾಯಿ ರಾಯರನ್ನು ಮೇಲಿಂದ ಕೆಳಗೆ ನೋಡಿ, ನಿಧಾನವಾಗಿ ಒಂದು ಗುಟುಕು ಚಹಾ ಕುಡಿದರು.

"ರಾಯರು ಭಾಳ ಸೌಮ್ಯ. ಅವರ ದನಿ ಬಾಜೂ ಮನಿಗೆ ಸುದ್ದಾ ಕೇಳೂದಿಲ್ಲ."

ಟೇಲರ್ ಕೆಮ್ಮಿದ. ದ್ವಾರಕಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಏನ್ರೀ? ಫೋನ್ ಎತ್ತಿದಂವಾ?... ಅಯ್ಯ, ಅಂವಾ ಅವರ ಮನಿ ಆಳ್ರಿ, ಪೀರಪ್ಪ ಅಂತ. ಬಾಯಿ ಹೊಲಸು, ತಲಿ ಸಡ್ಲ. ಯಾರೂ ಕೆಲಸಕ್ಕ ಇಟ್ಕೊಳ್ಳೂದಿಲ್ಲ. ರಾಯರದು ದೊಡ್ಡ ಮನಸ್ಸು, ಅಂಥಾವಂಗೂ ಅನ್ನಾ ಹಾಕ್ಯಾರ... ರಾಯರು ಇಲ್ಲೇ ಅದಾರ, ಕೊಡ್ತೀನಿ."

ರಾಯರು ರಿಸೀವರ್ ತೆಗೆದುಕೊಂಡರು. ಗಂಟಲಿಗೆ ಬಂದ ಸ್ವಂತ ದನಿಯನ್ನು ಅಲ್ಲೇ ನುಂಗಿ, ಜೇನಿನಲ್ಲಿ ಅದ್ದಿ ತೆಗೆದ ಹೊಸ ದನಿಯಲ್ಲಿ "ನಮಸ್ಕಾರ್ರಿ" ಎಂದರು. ಬಾಗಿಲ ಸಂದಿಯಲ್ಲಿ ಅನುಜಾಳ ಕಣ್ಣು ಕಾಣುತ್ತಿತ್ತು.

"ರಾಯರ, ಅಂಥಾ ಆಳಿಗೂ ಅನ್ನಾ ಹಾಕೂ ಮನಿ ಅಂದ್ರ ನಮಗ ಇನ್ನೇನೂ ಕೇಳೂದಿಲ್ಲ. ನಿಮ್ಮ ಹುಡುಗಿ ನಮಗ ಪಸಂತ. ಲಗ್ನ ನಕ್ಕಿ, ಗಟ್ಟಿ ಆತಂತ ತಿಳೀರಿ," ಎಂದಿತು ಆ ಕಡೆಯ ದನಿ. ಅನುಜಾಳ ಕಣ್ಣು ಅರಳಿತು. ಆ ದನಿ ಮುಂದುವರಿಯಿತು: "ಆದ್ರ ಆ ಪೀರಪ್ಪಗ ನನ್ನ ಮುಂದ ನಾಕು ಮಾತು ಬೈರಿ. ನನಗ ಕೇಳಬೇಕು."

ರಾಯರು ನೆರೆದಿದ್ದ ಗಲ್ಲಿಯ ಮಂದಿಯ ಕಡೆ ನೋಡಿದರು. ಯಾರೂ ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಜೋರಾಗಿ ಬೈದರೆ ದನಿ ಗುರುತು ಸಿಗುತ್ತದೆ! "ಪೀರಪ್ಪಾ," ಎಂದು ಮಗುವನ್ನು ತೂಗುವ ಹಾಗೆ ಬೈದರು, "ಹಂಗೆಲ್ಲಾ ಅನ್ನಬಾರದಪ್ಪಾ."

"ಅಯ್ಯ, ನೀವು ಖರೇನೇ ಭಾಳ ಸೌಮ್ಯ ಬಿಡ್ರಿ. ಇಷ್ಟು ಮೆತ್ತಗ ಬೈದ್ರ ಅಂಥಾವರಿಗೆ ಹತ್ತೂದಿಲ್ಲ. ಅಂವಗ ಫೋನ್ ಕೊಡ್ರಿ, ನಾನೇ ಬೈತೀನಿ!"

ರಾಘವೇಂದ್ರರಾಯರು ಟೋಪಿ ತೆಗೆದು ಟೀಪಾಯಿಯ ಮೇಲಿಟ್ಟರು. ರಿಸೀವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿ, ತಮ್ಮ ಸ್ವಂತ ದನಿಯಲ್ಲಿ ಹೇಳಿದರು:

"ಹೂಂನ್ರಿ ಬಾಯಿಸಾಹೇಬ್ರ, ಪೀರಪ್ಪ ಮಾತಾಡಾಕತ್ತೀನ್ರಿ."