ಕಂಪ್ಯೂಟರಿನ ಚಕ್ರಕ್ಕೆ ಗಜನಿಂಬೆ

ನಾಲ್ಕು ಗಜನಿಂಬೆಗೆ ನಾನು ಕೊಟ್ಟದ್ದು ಎರಡು ರೂಪಾಯಿ. ಮಾರುವಾಕೆ ಕೇಳಿದ್ದು ನಾಲ್ಕು. ಆಯುಧಪೂಜೆಯ ದಿನ, ಸಾರಕ್ಕಿಯ ಸಂತೆಬೀದಿಯಲ್ಲಿ, ನಿಂಬೆಹಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಹೊತ್ತಿನಲ್ಲಿ ಅರ್ಧಕ್ಕರ್ಧ ಇಳಿಸಿದ ನನ್ನ ಸಾಮರ್ಥ್ಯವನ್ನು ನೀವು ಈಗಲೇ ಗಮನಿಸಿಬಿಡಬೇಕು. ಮುಂದೆ ಗಮನಿಸಲು ಅಂಥದ್ದೇನೂ ಸಿಗುವುದಿಲ್ಲ. ಹೀಗೆ ಉಳಿಸಿದ ಎರಡು ರೂಪಾಯಿಗಾಗಿ ವೆಚ್ಚವಾದದ್ದು ಒಂದು ಕೀಬೋರ್ಡು, ಪ್ರಿಂಟರಿನ ಒಂದು ಕೇಬಲ್ಲು, ಹಿರಿಯ ಲೆಕ್ಕಿಗರೊಬ್ಬರ ಹೆಬ್ಬೆರಳಿನ ಉಗುರು ಮತ್ತು ‘ಡಾಕ್ಟ್ರಮ್ಮ’ ಎಂಬ ನನ್ನ ಬಿರುದು. ಕಾರಣ ಇಷ್ಟೇ: ಅದೇ ಬೆಲೆಗೆ ದೊಡ್ಡ ಹಣ್ಣು ಸಿಗುವಾಗ ಚಿಕ್ಕದನ್ನು ತರಲು ನನಗೆ ಮನಸ್ಸು ಬರಲಿಲ್ಲ.

ಆಗ ನನಗೆ ಹದಿನೆಂಟು ವರ್ಷ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಎಂದರೆ ಹೊಸದಾಗಿ ಮನೆ ತುಂಬಿದ ಸೊಸೆಯಿದ್ದಂತೆ. ಎಲ್ಲರೂ ನೋಡಲು ಬರುತ್ತಿದ್ದರು, ಹೇಗೆ ಮಾತಾಡಿಸಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಪಿಯುಸಿ ಮುಗಿಸಿ, ಜಯನಗರದ ಒಂದು ಮಹಡಿಯ ಮೇಲೆ ಮೂರು ತಿಂಗಳು ಅದನ್ನು ಕಲಿತಿದ್ದೆ. ಆ ಮೂರು ತಿಂಗಳಲ್ಲಿ ಹೆಚ್ಚು ಹೊತ್ತು ಹೋದದ್ದು ಚಪ್ಪಲಿ ಬಿಡುವುದರಲ್ಲಿ ಮತ್ತು ಸರದಿ ಕಾಯುವುದರಲ್ಲಿ. ಆದರೂ ಸರ್ಟಿಫಿಕೇಟು ಕೊಟ್ಟರು. ಅದನ್ನು ಹಿಡಿದುಕೊಂಡು, ಅಲ್ಲೇ ಹತ್ತಿರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಾಸುದೇವ ಸಾರ್ ಅವರ ಅಂಗಡಿಗೆ ಹೋಗಿ, ಅವರು ಹೇಳಿದ ಸಂಬಳವನ್ನು ಒಪ್ಪದೆ, ಬಸ್ ಪಾಸನ್ನೂ ಮಧ್ಯಾಹ್ನದ ಕಾಫಿಯನ್ನೂ ಸೇರಿಸಿಕೊಂಡು, ಕೊನೆಗೆ ಅವರು ಬೆವರು ಒರೆಸಿಕೊಳ್ಳುವ ಹಂತಕ್ಕೆ ತಂದು ಕೆಲಸಕ್ಕೆ ಸೇರಿದೆ.

ಮನೆಯಲ್ಲಿ ಅಪ್ಪನಿಗೆ ಇದು ಹಿಡಿಸಲಿಲ್ಲ. ನಮ್ಮದು ಸಾರಕ್ಕಿಯ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾದ ಮೇಲೆ, ಊರವರು ಕೊಂಡು ತಂದ ರಾಗಿಯನ್ನು ಬೀಸಿಕೊಡಲು ಅಪ್ಪ ಹಿಟ್ಟಿನ ಗಿರಣಿ ಹಾಕಿದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ನಾನು. ದಿನವಿಡೀ ಕೂತರೆ ಸಂಜೆಗೆ ನನ್ನ ತಲೆಗೂದಲು ಅಜ್ಜಿಯ ತಲೆಗೂದಲಿಗಿಂತ ಬೆಳ್ಳಗಾಗುತ್ತಿತ್ತು. ಅಪ್ಪ ಒಂದು ಷರತ್ತು ಹಾಕಿದರು: ದೀಪಾವಳಿಯೊಳಗೆ ಕೆಲಸ ಖಾಯಂ ಆಗಬೇಕು, ಇಲ್ಲವಾದರೆ ಗಿರಣಿಗೆ ವಾಪಸು. ನಾನು ಒಪ್ಪಿದೆ. ಖಾಯಂ ಆಗದೆ ಏನು? ನನ್ನಂಥವಳು ಸಿಗುತ್ತಾಳೆಯೇ?

ನಿಜ ಹೇಳಬೇಕೆಂದರೆ ನನಗೆ ಗೊತ್ತಿದ್ದ ಚಿಕಿತ್ಸೆ ಎರಡೇ. ಒಂದು, ಆಫ್ ಮಾಡಿ ಆನ್ ಮಾಡುವುದು. ಎರಡು, ಅದಕ್ಕೂ ಮೊದಲು ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಸುಮ್ಮನಿರುವುದು. ಈ ಎರಡರ ಬಲದಿಂದಲೇ ಜೆ.ಪಿ. ನಗರದಲ್ಲಿ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು ಇಟ್ಟಿದ್ದ ರಾಮೇಗೌಡರ ಕಂಪ್ಯೂಟರನ್ನು ಒಮ್ಮೆ ಬದುಕಿಸಿದ್ದೆ. ಅದು ಸತ್ತಿರಲಿಲ್ಲ, ಕಸ ಗುಡಿಸುವಾಗ ಪ್ಲಗ್ಗು ಕಳಚಿತ್ತು ಅಷ್ಟೆ. ಆದರೆ ಪ್ಲಗ್ಗು ಸಿಕ್ಕಿಸುವ ಮೊದಲು ನಾನು ಎಷ್ಟು ಗಂಭೀರವಾಗಿ ನಿಂತಿದ್ದೆನೆಂದರೆ ಗೌಡರು ಅಂದಿನಿಂದ ನನ್ನನ್ನು ‘ಡಾಕ್ಟ್ರಮ್ಮ’ ಎಂದೇ ಕರೆಯತೊಡಗಿದರು.

ಆ ಗೌಡರ ವಾರ್ಷಿಕ ಕರಾರು ದಸರೆಗೆ ಮುಗಿಯುತ್ತಿತ್ತು. ಯಂತ್ರ ಕೆಟ್ಟಾಗಲೆಲ್ಲ ನಾವು ಹೋಗಿ ಸರಿಮಾಡಬೇಕು, ಅದಕ್ಕೆ ಅವರು ವರ್ಷಕ್ಕೊಮ್ಮೆ ದುಡ್ಡು ಕೊಡಬೇಕು. ವಾಸುದೇವ ಸಾರ್ ಅವರಿಗೆ ಇದ್ದ ಗಿರಾಕಿಗಳಲ್ಲೇ ದೊಡ್ಡವರು ಅವರು. ಬೇರೊಂದು ಕಂಪನಿ ಇನ್ನೂ ಕಡಿಮೆಗೆ ಮಾಡುತ್ತೇವೆಂದು ಅವರ ಬಾಗಿಲು ತಟ್ಟಿತ್ತು. ಆಯುಧಪೂಜೆಗೆ ನಾನು ಬರಲೇಬೇಕೆಂದು ಗೌಡರು ಹೇಳಿಕಳಿಸಿದಾಗ ಸಾರ್ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು.

“ನೋಡಮ್ಮ, ಮಿಷನ್ ಆಫ್ ಮಾಡಿಸು. ಕುಂಕುಮ ಇಡೋದಿದ್ರೆ ಮೇಲಿನ ಹೊದಿಕೆಗೆ ಇಡ್ಲಿ. ಪ್ರಸಾದ ತಗೋ, ಸಹಿ ಹಾಕಿಸ್ಕೊ, ಬಾ. ಸಹಿ ಬಂದ್ರೆ ನೀನು ಖಾಯಂ. ಬರ್ಲಿಲ್ಲ ಅಂದ್ರೆ ನಿನಗೆ ಸಂಬಳ ಕೊಡೋ ಶಕ್ತಿ ನನಗಿಲ್ಲ.”

ಇಷ್ಟು ಸುಲಭವಾದ ಕೆಲಸವನ್ನು ನನಗೆ ಕೊಟ್ಟದ್ದು ನನ್ನ ಪ್ರತಿಭೆಗೆ ಮಾಡಿದ ಅವಮಾನವೆಂದೇ ನನಗೆ ಅನ್ನಿಸಿತು.

ಹಬ್ಬದ ಬೆಳಿಗ್ಗೆ ಹೋದೆ. ಆಫೀಸಿನ ಮುಂದೆ ಲಾರಿಗಳು ಬಾಳೆಕಂಬ ಕಟ್ಟಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಕ್ಕಳಂತೆ ನಿಂತಿದ್ದವು. ಡ್ರೈವರ್ ಮುನಿಯಪ್ಪ ಒಂದೊಂದನ್ನೇ ಸ್ಟಾರ್ಟ್ ಮಾಡಿ, ಹಾರನ್ ಹೊಡೆದು, ಟೈರಿನ ಕೆಳಗಿಟ್ಟ ನಿಂಬೆಹಣ್ಣುಗಳ ಮೇಲೆ ಹತ್ತಿಸಿ ಪಚಕ್ಕೆನಿಸುತ್ತಿದ್ದ. ಒಳಗೆ ಕಂಪ್ಯೂಟರಿಗೂ ಹಾರ ಬಿದ್ದಿತ್ತು. ಲೆಕ್ಕ ಬರೆಯುವ ಶೇಷಾದ್ರಿಗಳು ಅದಕ್ಕೆ ಮಂಗಳಾರತಿ ಎತ್ತಿ, ಕಡ್ಲೆಪುರಿಯ ತಟ್ಟೆ ಹಿಡಿದು ನಿಂತಿದ್ದರು. ತಮ್ಮ ಮೂವತ್ತು ವರ್ಷದ ಕೈಬರಹವನ್ನು ಈ ಪೆಟ್ಟಿಗೆ ನುಂಗಿತೆಂದು ಅವರಿಗೆ ಅದರ ಮೇಲೆ ಒಳಗೊಳಗೇ ಸಿಟ್ಟು. ಆದರೂ ಧೂಳು ಬರಬಾರದೆಂಬ ನಿಯಮಕ್ಕೆ ಬದ್ಧರಾಗಿ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ಇದನ್ನು ದಯವಿಟ್ಟು ಗಮನದಲ್ಲಿಡಿ.

ಕರಾರಿನ ಕಾಗದ ನನ್ನ ಕೈಯಲ್ಲಿತ್ತು. ಗೌಡರು ಪೆನ್ನನ್ನೂ ತೆಗೆದಿದ್ದರು. ಮುಗಿದೇ ಹೋಯಿತು ಎನ್ನುವಷ್ಟರಲ್ಲಿ ಅವರ ದೃಷ್ಟಿ ಕಂಪ್ಯೂಟರಿನ ಮೇಜಿನ ಕಾಲಿನತ್ತ ಹೋಯಿತು. ಅದು ತಳ್ಳಿಕೊಂಡು ಹೋಗುವಂಥ ಮೇಜು. ಕೆಳಗೆ ನಾಲ್ಕು ಪುಟ್ಟ ಚಕ್ರ!

ಗೌಡರು ಪೆನ್ನನ್ನು ಜೇಬಿಗಿಟ್ಟರು. “ಇದಕ್ಕೆ ನಿಂಬೆಹಣ್ಣು ಇಟ್ಟಿಲ್ವಲ್ರೀ ಶೇಷಾದ್ರಿ.”

ಇದು ಲಾರಿಯಲ್ಲ ಎಂದು ಶೇಷಾದ್ರಿಗಳು ವಿನಯದಿಂದ ಅರಿಕೆ ಮಾಡಿಕೊಂಡರು. ಚಕ್ರ ಇದೆಯೋ ಇಲ್ಲವೋ ಎಂದು ಗೌಡರು ಕೇಳಿದರು. ಇದೆ. ಹಾಗಾದರೆ ನಿಂಬೆಹಣ್ಣು ಬೇಕು. ಈ ತರ್ಕಕ್ಕೆ ಕೋರ್ಟಿನಲ್ಲೂ ಉತ್ತರವಿಲ್ಲ. ಆದರೆ ತಂದಿದ್ದ ಹಣ್ಣೆಲ್ಲ ಲಾರಿಗಳ ಕೆಳಗೆ ಪಾನಕವಾಗಿ ಹೋಗಿತ್ತು. ಇನ್ನು ಬಿಡಿ ಸಾರ್ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಬೇಕಾದವಳು ನಾನು. ನಾನೇನು ಹೇಳಿದೆ ಗೊತ್ತೇ? “ನಾನು ತರ್ತೀನಿ ಸಾರ್. ನೀವು ಹೋದ್ರೆ ಜಾಸ್ತಿ ಹೇಳ್ತಾರೆ.”

ಹೋದೆ. ತಂದೆ. ಆ ವ್ಯಾಪಾರದ ವಿವರ ಮೊದಲೇ ಹೇಳಿದ್ದೇನೆ. ಒಂದೊಂದು ಹಣ್ಣೂ ಕೈತುಂಬ, ಕಲ್ಲಿನಂತೆ ಗಟ್ಟಿ, ದಪ್ಪ ಸಿಪ್ಪೆ. ಗೌಡರು ಕೈಯಲ್ಲಿ ತೂಗಿ ನೋಡಿ ಮೆಚ್ಚಿದರು. ಶೇಷಾದ್ರಿಗಳು ಮಾತ್ರ ಒಮ್ಮೆ ಹಣ್ಣನ್ನೂ ಒಮ್ಮೆ ಚಕ್ರವನ್ನೂ ನೋಡಿದರು. ಚಕ್ರ ಒಂದು ಕೋಡುಬಳೆಯಷ್ಟಿತ್ತು. ಒಂದೊಂದು ಚಕ್ರದ ಮುಂದೆ ಒಂದೊಂದು ಗಜನಿಂಬೆಯನ್ನಿಟ್ಟಾಗ ಇಲಿಯ ಮುಂದೆ ಬಂಡೆ ಇಟ್ಟಂತಾಯಿತು.

ಪ್ಲಗ್ಗು ತೆಗೆಯಲು ನಾನು ಬಗ್ಗಿದೆ. ಸಾರ್ ಹೇಳಿದ್ದು ನೆನಪಿತ್ತು, ನೆನಪಿರಲಿಲ್ಲವೆಂದು ಯಾರೂ ಅನ್ನಬಾರದು. ಗೌಡರು ತಡೆದರು. “ಏನ್ ಡಾಕ್ಟ್ರಮ್ಮ, ಇಂಜಿನ್ ಆಫ್ ಮಾಡಿ ನಿಂಬೆಹಣ್ಣು ಹತ್ತಿಸ್ತಾರಾ ಯಾರಾದ್ರೂ?”

ಪೆನ್ನು ಜೇಬಿನಲ್ಲಿತ್ತು. ಗಿರಣಿಯ ಹಿಟ್ಟು ಕಣ್ಣೆದುರು ಸುಳಿಯಿತು. ನಾನು ಕಂಪ್ಯೂಟರ್ ಆನ್ ಮಾಡಿದೆ.

ಮುನಿಯಪ್ಪ ಹಿಂದಿನಿಂದ ತಳ್ಳಲು ನಿಂತ. ನಾನು ಪಕ್ಕದಲ್ಲಿ. ಶೇಷಾದ್ರಿಗಳು ಕಡ್ಲೆಪುರಿಯ ತಟ್ಟೆಯೊಂದಿಗೆ ಎದುರಿಗೆ. ಪಕ್ಕದ ಸ್ಟೂಲಿನ ಮೇಲಿದ್ದ ಪ್ರಿಂಟರು ತನ್ನ ಕೇಬಲ್ಲಿನಿಂದ ಕಂಪ್ಯೂಟರಿನ ಬಾಲ ಹಿಡಿದುಕೊಂಡಿತ್ತು. ಗೌಡರು ಕೈಮುಗಿದು ಕಣ್ಣು ಮುಚ್ಚಿದವರು, ಒಂದು ಕಣ್ಣು ತೆರೆದು ಕೇಳಿದರು: “ಹಾರನ್?”

ಇಲ್ಲ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. ನಾಲ್ಕೈದು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಕಂಪ್ಯೂಟರು ಕುಂಯ್ ಕುಂಯ್ ಎನ್ನುತ್ತದೆಂಬುದು ಮೂರು ತಿಂಗಳಲ್ಲಿ ನಾನು ಸ್ವಂತವಾಗಿ ಕಂಡುಹಿಡಿದ ಏಕೈಕ ಸತ್ಯ. ಅಂಗೈ ಅಗಲಿಸಿ ಒತ್ತಿದೆ. ಕಂಪ್ಯೂಟರು ಹಾರನ್ ಹೊಡೆಯಿತು. ಗೌಡರ ಮುಖ ಅರಳಿತು. ಆದರೆ ನನ್ನ ಅಂಗೈಯಡಿ ಯಾವ ಗುಂಡಿ ಸಿಕ್ಕಿತೋ, ಪ್ರಿಂಟರು ಕರ್‌ರ್ ಎಂದು ಎಚ್ಚರಗೊಂಡು ಕಾಗದ ಕಾರತೊಡಗಿತು. “ಇದೂ ಸ್ಟಾರ್ಟ್ ಆಯ್ತು” ಎಂದು ಮುನಿಯಪ್ಪ ಸಂತೋಷದಿಂದ ಘೋಷಿಸಿ ತಳ್ಳಿದ.

ಮೇಜು ಅಲುಗಲಿಲ್ಲ. ಘಾಟಿಯಲ್ಲಿ ಸಿಕ್ಕ ಲಾರಿ ತಳ್ಳಿ ಅನುಭವವಿದ್ದವನು ಅವನು. ಭುಜ ಕೊಟ್ಟ. ನಾನು ಮುಂದೆ ಬಂದು, ಅವನ ಭಾಷೆಯಲ್ಲೇ ಅವನಿಗೆ ಹೇಳತೊಡಗಿದೆ. “ಬರ್ಲಿ, ಬರ್ಲಿ, ಸ್ವಲ್ಪ ರೈಟಿಗೆ, ಇನ್ನೂ ಬರ್ಲಿ.”

ಹಣ್ಣು ಒಡೆಯುತ್ತದೆ, ಚಕ್ರ ಹತ್ತುತ್ತದೆ ಎಂಬುದು ನಮ್ಮ ನಿರೀಕ್ಷೆ. ಗಜನಿಂಬೆಗೆ ಒಡೆಯುವ ಯೋಚನೆಯೇ ಇರಲಿಲ್ಲ. ನುಣ್ಣನೆಯ ಮೊಸಾಯಿಕ್ ನೆಲದ ಮೇಲೆ ಅದು ಉರುಳಿತು. ನಾಲ್ಕೂ ಉರುಳಿದವು. ನಾಲ್ಕು ಚಕ್ರದ ಗಾಡಿ ಈಗ ಎಂಟು ಚಕ್ರದ ಗಾಡಿಯಾಯಿತು! ಕಂಪ್ಯೂಟರು ಹಾರ ಹಾಕಿಕೊಂಡು ಕುಂಯ್ ಎನ್ನುತ್ತ ಹೊರಟಿತು. ಹಿಂದೆ ಸ್ಟೂಲಿನಿಂದ ಜಿಗಿದ ಪ್ರಿಂಟರು, ಅದರ ಹಿಂದೆ ಮಾರುದ್ದ ಕಾಗದ. ನಾನು ಪಕ್ಕಕ್ಕೆ ಹಾರಿದೆ. ಶೇಷಾದ್ರಿಗಳಿಗೆ ಹಾರುವ ವಯಸ್ಸಲ್ಲ.

ನಿಂಬೆಹಣ್ಣು ಹತ್ತಲಾರದ ಚಕ್ರ ಅವರ ಬರಿಗಾಲಿನ ಹೆಬ್ಬೆರಳನ್ನು ಸಲೀಸಾಗಿ ಹತ್ತಿತು.

ಮೇಜು ಮುಗ್ಗರಿಸಿತು. ಮಾನಿಟರು ಜಾರಿತು. ಶೇಷಾದ್ರಿಗಳು ತಟ್ಟೆಯನ್ನು ಮೇಲಕ್ಕೆಸೆದು, ತಾವು ಜನ್ಮದಲ್ಲೇ ಪ್ರೀತಿಸದ ಆ ವಸ್ತುವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನೆಲಕ್ಕೆ ಕುಳಿತರು. ಕಡ್ಲೆಪುರಿ ನಮ್ಮೆಲ್ಲರ ಮೇಲೆ ಅಕ್ಷತೆಯಂತೆ ಸುರಿಯಿತು. ಕೀಬೋರ್ಡು ತಂತಿಗೆ ಜೋತುಬಿದ್ದು ಬಾವಲಿಯಂತೆ ಓಲಾಡಿ, ಕೊನೆಗೆ ಕೆಳಗೆ ಬಿತ್ತು. ಅದನ್ನು ಉಳಿಸಲು ಧಾವಿಸಿದ ಮುನಿಯಪ್ಪ ಅದರ ಮೇಲೇ ಕಾಲಿಟ್ಟ. ಪಟ್ ಎಂದು ಫ್ಯೂಸು ಹೋಗಿ ಫ್ಯಾನು ನಿಂತಿತು.

ಮಾನಿಟರಿನ ಹಿಂದಿನಿಂದ ಶೇಷಾದ್ರಿಗಳ ಸ್ವರ ಕೇಳಿಸಿತು. “ಡಾಕ್ಟ್ರಮ್ಮ, ಇದನ್ನ ಯಾರಾದ್ರೂ ಎತ್ತಿದ್ರೆ ನನ್ನ ಬೆರಳು ಇದೆಯಾ ನೋಡ್ಕೋಬಹುದು.”

ಬೆರಳು ಇತ್ತು, ಉಗುರು ಇರಲಿಲ್ಲ. ಅರಿಶಿನ ಹಚ್ಚಿ ಬಟ್ಟೆ ಸುತ್ತಿದೆವು. ಗೌಡರು ಕುರ್ಚಿಯಲ್ಲಿ ಕುಳಿತು, ಮೈಮೇಲಿನ ಪುರಿಯನ್ನು ಒಂದೊಂದಾಗಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳತೊಡಗಿದರು. ನಾನು ಕರಾರಿನ ಕಾಗದವನ್ನು ಸೆರಗಿನ ಹಿಂದೆ ಮರೆಮಾಡಿಕೊಂಡೆ. ಖಾಯಂ ಎಂಬ ಮಾತು ಹೊರಗೆ ನಿಂತ ಲಾರಿ ಹತ್ತಿ ಹೊರಟುಹೋದಂತೆ ಅನ್ನಿಸಿತು.

ಕೊನೆಗೆ ಗೌಡರು ಕರೆದರು. “ಆ ಇನ್ನೊಂದು ಕಂಪ್ನಿಯೋರು ವರ್ಷಕ್ಕೆ ನಾಲ್ಕು ಸಲ ಬರ್ತೀವಿ ಅಂದಿದ್ರು. ನಾಲ್ಕು ಸಲ ಸಾಕಾಗುತ್ತೇನಮ್ಮ ನನಗೆ?”

ನಾನು ಸುತ್ತ ನೋಡಿದೆ. ಸುಳ್ಳು ಹೇಳುವ ಸ್ಥಿತಿಯಿರಲಿಲ್ಲ. “ಸಾಕಾಗಲ್ಲ ಸಾರ್.”

“ನಂಗೂ ಹಂಗೇ ಅನ್ನಿಸ್ತು. ನಿಮ್ ವಾಸುದೇವಪ್ಪನೋರು ಎಷ್ಟು ಸಲ ಕರೆದ್ರೂ ಬರ್ತಾರೆ. ತಾ ಇಲ್ಲಿ ಕಾಗದ.” ಸಹಿ ಹಾಕಿದರು. ಹಾಕಿ, ಕಾಗದವನ್ನು ಕೈಗೆ ಕೊಡದೆ ಹಿಡಿದುಕೊಂಡರು. “ಆದ್ರೆ ಅವರೇ ಬರ್ಲಿ. ನೀನು ಬರ್ಬೇಡ ಕಣಮ್ಮ.”

ಅಂಥ ಹೊತ್ತಿನಲ್ಲೂ ನನ್ನೊಳಗಿನ ಚೌಕಾಸಿ ಸುಮ್ಮನಿರಬೇಕಲ್ಲ. “ಫೋನಾದ್ರೂ ಮಾಡಬಹುದಾ ಸಾರ್?”

ಗೌಡರು ಯೋಚಿಸಿದರು. “ಫೋನ್ ಮಾಡು. ಫೋನಲ್ಲಿ ಏನೂ ಬೀಳಲ್ಲ.”

ವಾಸುದೇವ ಸಾರ್ ಸಹಿ ನೋಡಿ ಹಿಗ್ಗಿದರು, ಕಥೆ ಕೇಳಿ ಕುಗ್ಗಿದರು. ಹೊಸ ಕೀಬೋರ್ಡು, ಪ್ರಿಂಟರಿನ ಹೊಸ ಕೇಬಲ್ಲು ಎರಡೂ ಅವರ ತಲೆಗೇ ಬಂದವು. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ನನ್ನನ್ನು ಖಾಯಂ ಮಾಡಿ, ಸ್ಕ್ರೂಡ್ರೈವರನ್ನು ಕೈಯಿಂದ ತೆಗೆದುಕೊಂಡು, ಫೋನಿನ ಮುಂದೆ ಕೂರಿಸಿದರು. ಯಾವ ಯಂತ್ರವನ್ನೂ ಮುಟ್ಟಕೂಡದು, ದೂರದಿಂದ ಸಲಹೆ ಕೊಟ್ಟರೆ ಸಾಕು. ಈಗಿನವರು ಇದನ್ನು ದೊಡ್ಡ ಗಾಜಿನ ಕಟ್ಟಡಗಳಲ್ಲಿ ಕೂತು ಮಾಡುತ್ತಾರಂತೆ. ಜಯನಗರದಲ್ಲಿ ಅದು ಶುರುವಾದದ್ದು ನನ್ನಿಂದ ಯಂತ್ರಗಳನ್ನು ಕಾಪಾಡುವ ಸಲುವಾಗಿ.

ಬರೀ ಮಾತಾಡಿದ್ದಕ್ಕೆ ಸಂಬಳ ಕೊಡುತ್ತಾರೆಯೇ ಎಂದು ಅಪ್ಪ ನಂಬಲೇ ಇಲ್ಲ. ಅಮ್ಮ ಒಲೆಯ ಕಡೆಯಿಂದ ತಿರುಗದೆ ಹೇಳಿದಳು: “ಪಾಪ, ನಾವು ಇಷ್ಟು ವರ್ಷ ಪುಕ್ಕಟೆ ಕೇಳಿಸ್ಕೊಂಡ್ವಿ.”

ಆದ್ದರಿಂದ ಓದುಗ ಮಹಾಶಯರೇ, ಅನುಭವದಿಂದ ಹೇಳುತ್ತೇನೆ. ಹಬ್ಬಕ್ಕೆ ಯಂತ್ರವನ್ನು ಪೂಜಿಸುವುದಾದರೆ ಮೊದಲು ಪ್ಲಗ್ಗು ತೆಗೆಯಿರಿ, ಯಜಮಾನರು ಏನೇ ಅನ್ನಲಿ. ಕುಂಕುಮವನ್ನು ಹೊದಿಕೆಗೆ ಹಚ್ಚಿ, ಯಂತ್ರಕ್ಕಲ್ಲ. ಎದುರಿಗೆ ಹಿರಿಯರನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಬೂಟು ಹಾಕಿಸಿ. ಸಹಿ ಹಾಕಿಸಿಕೊಳ್ಳುವುದಿದ್ದರೆ ಪೂಜೆಗೆ ಮೊದಲೇ ಹಾಕಿಸಿಕೊಳ್ಳಿ. ಇಷ್ಟೆಲ್ಲ ಮಾಡಿಯೂ ಕಂಪ್ಯೂಟರು ಕೆಟ್ಟರೆ ಆಫ್ ಮಾಡಿ ಆನ್ ಮಾಡಿ. ಆಗಲೂ ಸರಿಹೋಗದಿದ್ದರೆ ತಿಳಿದವರನ್ನು ಕರೆಸಿ. ನನಗೆ ಫೋನ್ ಮಾಡಿದರೆ, ಆಫ್ ಮಾಡಿ ಆನ್ ಮಾಡಿ ಎಂದೇ ಹೇಳುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.